ಸೋಡಚೀಟಿ ಬರೆದ ದಿನಗಳು

ಸಂಸಾರ ಬಿಡಿಸುವ ಕಾಗದ ಬರೆಯುವವನ ಮುಂದೆ ಜನ ಅಳುತ್ತಲೇ ಬಂದು ಕೂಡುತ್ತಿದ್ದರು. ಆದರೆ ಎದ್ದು ಹೋಗುವಷ್ಟರಲ್ಲಿ ಏನಾದರೊಂದು ನಡೆದು, ನಾನು ನಗು ಮುಚ್ಚಿಕೊಳ್ಳಲು ಸುಮ್ಮಸುಮ್ಮನೆ ಕೆಮ್ಮಬೇಕಾಗುತ್ತಿತ್ತು. ಒಂದೆರಡು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ. ಎಪ್ಪತ್ತರ ದಶಕದ ಉದ್ದಕ್ಕೂ ಹೀಗೇ ಆಯಿತು.

ಆಗ ನಾನು ಬೈಲಹೊಂಗಲದ ಕಚೇರಿ ಆವಾರದಲ್ಲಿ, ಬೇವಿನ ಗಿಡದ ಕೆಳಗೆ ಕೂಡುವ ಬಾಂಡ್ ರೈಟರ್. ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಶಾಯಿ ದೌತಿ, ಎದುರಿಗೆ ಹಾಸಿದ ಜಮಖಾನೆ. ಇಷ್ಟೇ ನನ್ನ ಆಫೀಸು. ಹೊಲ ಮನೆಗಳ ಖರೀದಿ ಪತ್ರ ಬರೆಯುವುದು ಮುಖ್ಯ ಕಸುಬು. ಆದರೆ ನಮ್ಮ ಕಡೆ ಕೆಲವು ಸಮಾಜಗಳಲ್ಲಿ ಗಂಡ ಹೆಂಡತಿ ಬೇರೆಯಾಗುವಾಗ ಹಿರಿಯರ ಮುಂದೆ ಸೋಡಚೀಟಿ ಬರೆಸುವ ರೂಢಿ ಇತ್ತು. ವಕೀಲರ ಮೆಟ್ಟಿಲು ಹತ್ತಲು ಜನಕ್ಕೆ ಅಂಜಿಕೆ. ಎರಡೂ ಕಡೆಯ ಹಿರಿಯರು ಕೂಡಿ, ಯಾರಿಗೆ ಏನು ಎಂಬುದನ್ನು ಜಮಖಾನೆಯ ಮೇಲೇ ತೀರಿಸುತ್ತಿದ್ದರು. ನಾನು ಬರೆಯುತ್ತಿದ್ದೆ. ಆ ಗಿಡದ ನೆರಳು ಈಗ ನೆನೆದರೂ ಕಣ್ಣಿಗೆ ತಂಪು.

೧. ಟಿಕೀಟಿನ ಲೆಕ್ಕ

ಹೂಲಿ ಕಡೆಯ ಗಂಡನೊಬ್ಬ ಕಿಸೆಯಿಂದ ದಾರ ಕಟ್ಟಿದ ಬಸ್ ಟಿಕೀಟುಗಳ ಗಂಟು ತೆಗೆದು ನನ್ನ ಪೆಟ್ಟಿಗೆಯ ಮೇಲಿಟ್ಟ.

“ಆಕಿ ಸಿಟ್ಟಾಗಿ ತವರಿಗೆ ಹೋದಾಗೊಮ್ಮೆ ಕರಕೊಂಡು ಬರಾಕ ಹೋಗೇನ್ರಿ. ಹದಿನೇಳು ಸಲ. ಆಕಿಗೆ ಏನಾರ ಕೊಡಬೇಕಂದ್ರ ಮದಲ ಈ ಖರ್ಚು ಮುರಕೋರಿ.”

ಹಿರಿಯರು ಮುಖ ಮುಖ ನೋಡಿಕೊಂಡರು. ಟಿಕೀಟು ಸುಳ್ಳಾಗಿರಲಿಲ್ಲ. ಹುಡುಗಿ ತಲೆ ತಗ್ಗಿಸಿದಳು. ಅವಳಿಗೆ ಬರಬೇಕಾದದ್ದೇ ಸ್ವಲ್ಪ, ಅದರಲ್ಲೂ ಇದು ಕಡಿತವಾಗುವ ಹಾಗಿತ್ತು. ಆಗ ಹಿಂದೆ ಕೂತಿದ್ದ ಅವಳ ತಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಬರಕೋರಿ ರೈಟರ್ರ. ಅಳಿಯಾ ಬಂದಾನಂತ ಹದಿನೇಳೂ ಸಲ ಹೋಳಿಗಿ ಮಾಡೇನಿ. ಒಂದೊಂದು ಸಲಕ್ಕ ಎಂಟು ಹೋಳಿಗಿ ತಿಂದಾನ. ಮ್ಯಾಲೆ ತುಪ್ಪ.”

“ಎಂಟೆಲ್ಲಿ? ಆರು!” ಎಂದು ಅಳಿಯ ಜಿಗಿದ.

“ಆರಂತ ಒಪ್ಪ್ಯಾನ, ಆರು ಬರೀರಿ,” ಎಂದರು ಹಿರಿಯರು. ಹದಿನೇಳು ಆರಲೆ ನೂರಾ ಎರಡು. ತುಪ್ಪದ ಲೆಕ್ಕ ಶುರುವಾಗುವಷ್ಟರಲ್ಲಿ ಅಳಿಯ ಟಿಕೀಟಿನ ಗಂಟು ಕಿಸೆಗೆ ಸೇರಿಸಿದ್ದ. ಅವಳಿಗೆ ಬರಬೇಕಾದ್ದು ಪೂರ್ತಿ ಬಂತು. ಸಹಿ ಮಾಡಿ ಎದ್ದವನು ತಿರುಗಿ ನಿಂತು ನನಗೆ ಹೇಳಿದ: “ಕಡೀ ಸಲ ಬ್ಯಾಳಿ ಸರಿಯಾಗಿ ಕುದ್ದಿದ್ದಿಲ್ರಿ. ಅದನ್ನೂ ಒಂದು ಸಾಲು ಬರೀರಿ.”

೨. ಕೆಂಪು ಶಾಯಿ

ರಾಮದುರ್ಗ ತಾಲೂಕಿನ ಕಟಕೋಳದ ಕಡೆಯ ಒಬ್ಬ ಸಾಲಿ ಮಾಸ್ತರು. ಮಾತುಕತೆ ಎಲ್ಲ ಶಾಂತವಾಗಿ ಮುಗಿದಿತ್ತು. ಹೆಂಡತಿಯ ಹೊಟ್ಟೆಪಾಡಿಗೆ ತಿಂಗಳಿಗೆ ಮೂವತ್ತು ರೂಪಾಯಿ ಪೋಟಗಿ, ವರ್ಷಕ್ಕೆ ಎರಡು ಸೀರೆ. ಬರೆಯುವಾಗ ಯಾರೋ ಚಹಾ ತಂದರು, ನನ್ನ ಲಕ್ಷ್ಯ ಆ ಕಡೆ ಹೋಯಿತು. ವರ್ಷಕ್ಕೆ ಮೂವತ್ತು ರೂಪಾಯಿ, ತಿಂಗಳಿಗೆ ಎರಡು ಸೀರೆ ಎಂದು ಅದಲುಬದಲು ಬರೆದುಬಿಟ್ಟೆ.

ಮಾಸ್ತರು ಕಾಗದ ಓದಲು ಇಸಿದುಕೊಂಡರು. ಮೊದಲ ಸಾಲಿಗೇ ಹುಬ್ಬು ಗಂಟಿಕ್ಕಿತು. “ಭರವಸೆಯ ಮಹಾಪ್ರಾಣ ಎಲ್ಲಿ ಹೋತ್ರಿ?” ಎಂದು ಕಿಸೆಯಿಂದ ಕೆಂಪು ಪೆನ್ನು ತೆಗೆದರು. ಒಟ್ಟು ಹನ್ನೊಂದು ತಪ್ಪು ಹುಡುಕಿ, ತಿದ್ದಿ, ಪ್ರತಿಯೊಂದಕ್ಕೂ ಪಕ್ಕದಲ್ಲಿ ಸಹಿ ಹಾಕಿದರು. ನಾನು ನಾಚಿ ನೀರಾದೆ. ಸೀರೆಯ ಸಾಲಿನಲ್ಲಿ ಕಾಗುಣಿತ ಶುದ್ಧವಾಗಿತ್ತು, ಹಾಗಾಗಿ ಅವರ ಪೆನ್ನು ಅಲ್ಲಿ ನಿಲ್ಲಲೇ ಇಲ್ಲ.

ತಿಂಗಳು ತುಂಬಿದ ಮರುದಿನ ಇಬ್ಬರೂ ಮತ್ತೆ ನನ್ನ ಮುಂದೆ.

“ಎರಡು ಸೀರಿ ಬರಬೇಕ್ರಿ,” ಎಂದಳು ಆಕೆ. ನಾಲ್ಕನೇ ಇಯತ್ತೆ ಕಲಿತವಳು, ಕಾಗದ ತಾನೇ ಓದಿಕೊಂಡಿದ್ದಳು.

“ಇದು ಬರೆದವರ ತಪ್ಪು!” ಎಂದರು ಮಾಸ್ತರು.

ನಾನು ಕಿವಿ ಹಿಡಿದುಕೊಂಡು ಒಪ್ಪಿಕೊಂಡೆ. ಆಕೆ ಬಿಡಲಿಲ್ಲ. “ಹನ್ನೊಂದು ತಪ್ಪು ತಿದ್ದಿ ಸಹಿ ಮಾಡೀರಿ. ನೀವು ತಿದ್ದಲಾರದ್ದು ಸರಿ ಐತಿ ಅಂತ ಅಲ್ಲೇನ್ರಿ ಮಾಸ್ತರ? ವರ್ಷಕ್ಕ ಇಪ್ಪತ್ನಾಲ್ಕು ಸೀರಿ. ನಮ್ಮ ಮೂರು ಮಂದಿ ತಂಗ್ಯಾರ ಮದವಿ ಆಗಿ ಹೋಗತಾವ.”

ಮಾಸ್ತರು ಬೆವರಿದರು. ಕೊನೆಗೆ ಆಕೆಯೇ ಕರುಣೆ ತೋರಿಸಿದಳು. ಸೀರೆ ವರ್ಷಕ್ಕೆ ಎರಡೇ ಸಾಕು, ಆದರೆ ತಿಂಗಳಿಗೆ ಮೂವತ್ತರ ಬದಲು ನಲವತ್ತು. ಮೂವತ್ತರಲ್ಲಿ ಹೊಟ್ಟೆ ತುಂಬುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹೊಸ ಕಾಗದ ಬರೆದೆ. ಗಡಿಬಿಡಿಯಲ್ಲಿ ಭರವಸೆಯ ಮಹಾಪ್ರಾಣ ಮತ್ತೆ ಬಿಟ್ಟುಹೋಯಿತು. “ಅದು ಇರ್ಲಿ ಬಿಡ್ರಿ,” ಎಂದರು ಮಾಸ್ತರು, “ಅಂಕಿ ಇನ್ನೊಮ್ಮೆ ಜ್ವಾರಾಗಿ ಓದ್ರಿ.”

೩. ಜೋಡೆತ್ತು

ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಗಾಡಿ ಹೊಡೆಯುತ್ತಿದ್ದವನದು ಇದು. ಗಾಡಿಯ ಒಂದು ಎತ್ತು ಅವನದು, ಇನ್ನೊಂದು ಹೆಂಡತಿಗೆ ತವರಿನವರು ಕೊಟ್ಟದ್ದು. ಅವರವರ ಎತ್ತು ಅವರವರಿಗೆ ಎಂದು ಬರೆದು ಕಳಿಸಿದೆ. ಎಂಟು ದಿನಕ್ಕೆ ಇಬ್ಬರೂ ವಾಪಸು. ಅವನ ಎತ್ತು ಬೇರೆ ಜೋಡಿಯ ಕೂಡ ನೊಗಕ್ಕೆ ಕೊರಳು ಕೊಡುತ್ತಿಲ್ಲ, ಇವಳದು ಮೇವು ಬಿಟ್ಟು ದಾರಿ ನೋಡುತ್ತ ನಿಂತಿದೆ.

ಕರಾರು ಬದಲಾಯಿತು. ಎರಡೂ ಎತ್ತು ಕೂಡೇ ಇರಬೇಕು. ಕಬ್ಬಿನ ಹಂಗಾಮಿನಲ್ಲಿ ಅವನಲ್ಲಿ, ಬಿತ್ತನೆಗೆ ಅವಳಲ್ಲಿ. ಗಾಡಿ ಬಾಡಿಗೆಯಲ್ಲಿ ಅರ್ಧ ಅವಳಿಗೆ. ಎತ್ತು ಒಪ್ಪಿಸಲು ವರ್ಷಕ್ಕೆ ಎರಡು ಸಲ ಅವರು ಭೇಟಿಯಾಗುತ್ತಿದ್ದರು, ಚಂದವಾಗಿ ಮಾತಾಡುತ್ತಿದ್ದರು. ನನಗೆ ಆಸೆ ಹುಟ್ಟಿತು. ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ: “ತಂಗೀ, ಮೂಕ ಪ್ರಾಣಿ ಅವು, ಅವೇ ಬಿಟ್ಟಿರಲಿಲ್ಲ. ನೀವೂ ಮತ್ತೊಮ್ಮೆ ವಿಚಾರ ಮಾಡಬಾರದೇನು?”

ಅವಳು ನಕ್ಕಳು. “ಅಣ್ಣಾರ, ಆ ಎತ್ತು ಕುಡದು ಬರಂಗಿಲ್ಲ, ಸುಳ್ಳು ಹೇಳಂಗಿಲ್ಲ. ಅಂಥಾದ್ದರ ಕೂಡ ಆದ್ರ ನಾನೂ ಬಾಳೇ ಮಾಡತಿದ್ದೆ.”

೪. ನೀ ಪಾಲು ಮಾಡು, ಆಕಿ ಆರಸ್ಲಿ

ಇದು ಕಿತ್ತೂರಿನ ಆಚೆಯ ಒಂದು ಹಳ್ಳಿಯವರದು. ಗಂಡ ಗಟ್ಟಿ ದನಿಯವ. “ಉಟ್ಟ ಸೀರಿ ಮ್ಯಾಲೆ ಹೋಗ್ಲಿ, ಒಂದು ಕಾಳು ಕೊಡಂಗಿಲ್ಲ,” ಎಂದು ಕೂತುಬಿಟ್ಟ.

ಹೆಂಡತಿ ಮೆಲ್ಲಗೆ ಹೇಳಿದಳು: “ಒಂಬತ್ತು ವರ್ಷ ಆ ಹೊಲದಾಗ ದುಡದೇನ್ರಿ. ನನ್ನ ಅಂಗೈ ನೋಡ್ರಿ.” ನೋಡಿದೆವು. ಅಂಗೈ ತುಂಬ ಜಡ್ಡು.

ಕಿತ್ತೂರಿನ ವಯಸ್ಸಾದ ಹಿರಿಯರೊಬ್ಬರು ಉಪಾಯ ತೆಗೆದರು. “ತಮ್ಮಾ, ಅಣ್ಣತಮ್ಮರು ಬ್ಯಾರೆ ಆಗೂ ಮುಂದ ಮಾಡತಾರಲ್ಲ, ಹಂಗ ಮಾಡೂಣು. ನೀ ಎರಡು ಪಾಲು ಮಾಡು. ಯಾವುದು ಬೇಕು ಅಂತ ಆಕಿ ಆರಸ್ಲಿ. ನಿನ್ನ ಕೈಯಾಗ ಐತಿ, ಸರಿಸಮಾ ಮಾಡು.”

ಗಂಡ ಬಹಳ ಹೊತ್ತು ಮೀಸೆ ತಿರುವಿದ. ಆಮೇಲೆ ಆಗಲಿ ಎಂದು ಹಿರಿಯರಿಗೆ ಮಾತು ಕೊಟ್ಟು ನನ್ನಿಂದ ಬರೆಸಿದ. ಒಂದು ಪಾಲು: ಹೊಸದಾಗಿ ಹಂಚು ಹೊದಿಸಿದ ಮನೆ, ಎರಡು ಆಡು. ಇನ್ನೊಂದು ಪಾಲು: ಹಳ್ಳದ ದಂಡೆಯ ಮೂರೆಕರೆ ಹೊಲ, ಅದರಲ್ಲಿನ ಗುಡಿಸಲು, ಹಿಂಡುವ ಎಮ್ಮೆ, ತಾಮ್ರದ ಹಂಡೆ.

“ಇದೇನು ಸರಿಸಮಾ ಆಗಲಿಲ್ಲಲ್ಲಪ್ಪಾ? ಹೊಲದ ಪಾಲೇ ಭಾರ ಆತು,” ಎಂದೆ.

“ಮುಗದಿಲ್ಲ ತಡೀರಿ. ಎಮ್ಮಿ, ಹಂಡೆ ಆದಮ್ಯಾಲೆ ಇನ್ನೊಂದು ಬರೀರಿ: ನಮ್ಮವ್ವ.”

ಅವನ ತಾಯಿ ಗಿಡದ ಬುಡಕ್ಕೆ ಒರಗಿ ಮೂಗಿಗೆ ತಪಕೀರು ಏರಿಸುತ್ತಿದ್ದಳು. ಗಂಡ ನನ್ನ ಕಿವಿಯ ಹತ್ತಿರ ಬಾಗಿದ. “ಅತ್ತಿ ಸೊಸಿಗೆ ಒಂದು ದಿನ ಕೂಡಿ ಬಂದಿಲ್ರಿ. ಆಕಿ ಆ ಪಾಲು ಮುಟ್ಟಂಗೇ ಇಲ್ಲ. ಹೊಲ ನನಗ ಉಳೀತು ಅಂತ ತಿಳೀರಿ.”

ಎರಡೂ ಪಾಲು ಓದಿ ಹೇಳಿದೆ. ಹೆಂಡತಿ ಅತ್ತೆಯ ಕಡೆ ಒಮ್ಮೆ ನೋಡಿದಳು.

“ಹೊಲದ್ದು ನನಗಿರ್ಲಿ.”

“ಏ, ಸರಿಯಾಗಿ ಕೇಳಿದೇನ? ಅದರಾಗ ನಮ್ಮವ್ವ ಅದಾಳ!”

“ಕೇಳೇನಿ. ಜಗಳ ಆಡಿದ್ರೂ ಹೊಲದಾಗ ಕಸಾ ತಗಿಯೂ ಮುಂದ ನನ್ನ ಬಾಜೂಕ ಇದ್ದಾಕಿ ಆಕೀನ. ನೀವು ಕಟ್ಟೀ ಮ್ಯಾಲೆ ಇಸ್ಪೀಟ ಆಡತಿದ್ರಿ.”

ಹಿರಿಯರು ಗಂಡನ ಕಡೆ ಕಾಗದ ಸರಿಸಿದರು. ಮಾತು ಕೊಟ್ಟಾಗಿತ್ತು, ಸಹಿ ಮಾಡಿದ. ಮುದುಕಿ ಸೀರೆ ಕೊಡವಿ ಎದ್ದು ಬಂದು ಮಗನೆದುರು ನಿಂತಳು.

“ಹೆತ್ತ ತಾಯೀನ ಪಾಲಿಗೆ ಹಾಕಿದಿ, ಇರ್ಲಿ. ಅದೂ ಎಮ್ಮಿ ಹಿಂದ, ಹಂಡೇದ ಹಿಂದ?” ಎಂದವಳೇ ಸೊಸೆಯ ಕೈ ಹಿಡಿದು ಹೊರಟಳು.

ಆಗ ಅವನಿಗೆ ಎಚ್ಚರವಾಯಿತು. ಹಿಂದಿನಿಂದ ಓಡಿದ. “ಯವ್ವಾ, ಯವ್ವಾ, ನಿಂದ್ರ! ನೀ ಹಿಂಗ ಹೋದ್ರ ನನಗ ರೊಟ್ಟಿ ಯಾರು ಬಡೀಬೇಕು? ಮನಿಗೆ ಬಾ!”

ಮುದುಕಿ ತಿರುಗಿಯೂ ನೋಡಲಿಲ್ಲ.

“ನಾ ಈಗ ಆಕಿ ಪಾಲಿನಾಕಿ ಆಗೇನಪಾ. ಆಕೀನ್ನ ಕೇಳದ ಹೆಂಗ ಬರ್ಲಿ?”