ಬ್ಲಾಗಿನ ಉದ್ದ, ಅಂಗಿಯ ಚುಂಗು

"ಈ ಸಲ ಬರೆದೇ ಬಿಡ್ತೀನಿ ಕಣೇ! ಗಿರಣಿ ಮುಷ್ಕರದ ಪೂರ್ತಿ ಇತಿಹಾಸ, ಒಂದೇ ಏಟಿಗೆ! ಓದಿದವರು ಊಟ ಮರೀಬೇಕು!"

ಹೀಗೆ ಹೆಂಡತಿಗೆ ಘೋಷಿಸಿ ಸೈರನ್ ಅಣ್ಣ ಕಂಪ್ಯೂಟರಿನ ಮುಂದೆ ಕೂತ. ಗಿರಣಿಯ ಸೈರನ್ನಿಗಾದರೂ ಹೊತ್ತುಗೊತ್ತು ಅಂತ ಇತ್ತು, ಅವನ ಬಾಯಿಗೆ ಇರಲಿಲ್ಲ. ಅದಕ್ಕೇ ಕಾರ್ಮಿಕರು ತಮ್ಮ ನಾಯಕನಿಗೆ ಆ ಹೆಸರಿಟ್ಟಿದ್ದು. ಗಿರಣಿ ಮುಚ್ಚಿತು, ಸೈರನ್ನು ಗುಜರಿಗೆ ಹೋಯಿತು, ಬಾಯಿ ಮಾತ್ರ ಚಾಲ್ತಿಯಲ್ಲಿತ್ತು. ಅದರ ಕಾಟ ತಡೆಯಲಾರದೆ ಮಗಳು ಅವನಿಗೊಂದು ಬ್ಲಾಗು ಮಾಡಿಕೊಟ್ಟಿದ್ದಳು.

ಬರೆದ, ಬರೆದ, ಬರೆದ. ಆ ದಿನ ಊಟ ಮರೆತವನು ಅವನೊಬ್ಬನೇ. ಬರಹವನ್ನು ಬ್ಲಾಗಿಗೆ ಏರಿಸಿ, ಹಳೆಯ ಸಂಗಾತಿಗಳ ಫೋನಿಗೆಲ್ಲ ಕಳಿಸಿ, ಮೆಚ್ಚುಗೆಗೆ ಕಾದು ಕೂತ. ಯಾರದೂ ಉಸಿರಿಲ್ಲ.

ಮಗಳು ಬಂದು ನೋಡಿದಳು. "ಅಪ್ಪಾ, ಎಲ್ಲರೂ ಮೊದಲನೇ ಪ್ಯಾರಾದಲ್ಲೇ ಎದ್ದು ಹೋಗಿದಾರೆ. ಯಾರು ಎಷ್ಟು ಹೊತ್ತು ಓದಿದ್ರು ಅಂತ ಇದರಲ್ಲಿ ಎಲ್ಲಾ ಗೊತ್ತಾಗುತ್ತೆ. ಒಬ್ಬರು ಮಾತ್ರ ಬಹಳ ಹೊತ್ತು ಇದ್ದರು ನೋಡು."

"ನೋಡಿದ್ಯಾ! ಒಬ್ಬರಾದರೂ ಇದ್ದಾರೆ!"

"ಅದು ನಾನು," ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ತೆರೆದಿಟ್ಟುಕೊಂಡು ನಿದ್ದೆ ಹೋಗಿದ್ದೆ."

ಸೈರನ್ ಅಣ್ಣ ಇಳಿದುಹೋದ. ಲಾಠಿಗೆ ಬೆನ್ನು ಕೊಟ್ಟವನು, ಇಷ್ಟಕ್ಕೆಲ್ಲ ಅಳುವ ಪೈಕಿಯಲ್ಲ. ಆದರೆ ಅವನು ಬರೆಯುತ್ತಿದ್ದದ್ದು ಊರಿನವರಿಗಲ್ಲ. ಬಾಯ್ಲರ್‌ಗೆ ಕಲ್ಲಿದ್ದಲು ಹಾಕುತ್ತಿದ್ದವನಿಗೆ, ಮುಷ್ಕರದಲ್ಲಿ ಎಲ್ಲರಿಗೂ ಚಹಾ ಕಾಸಿಕೊಟ್ಟ ಕ್ಯಾಂಟೀನ್ ಅಕ್ಕನಿಗೆ. "ಅವರೇ ಓದಲ್ಲ ಅಂದ್ರೆ, ಎಲ್ಲ ಮರೆತರು ಅಂತಲೇ ಲೆಕ್ಕ. ಇನ್ನೊಂದೇ ಒಂದು ಬರೀತೀನಿ. ಅದನ್ನೂ ಯಾರೂ ಕೊನೇತನಕ ಓದದಿದ್ರೆ ಬ್ಲಾಗಿಗೆ ಬೀಗ!"

"ಬೀಗ ಆಮೇಲೆ ಹಾಕು. ಮೊದಲು ಎಷ್ಟುದ್ದ ಬರೀಬೇಕು ಅನ್ನೋದು ತಿಳ್ಕೋ," ಎಂದಳು ಮಗಳು.

ಉದ್ದದ ವಿಷಯದಲ್ಲಿ ಅವನಿಗೆ ಗುರು ಮನೆಯಲ್ಲೇ ಇದ್ದಳು. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ, ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಗೇಟಿನ ಮುಂದೆ ಸಭೆ. ಮೈಮೇಲೆಲ್ಲ ಹತ್ತಿಯ ಧೂಳು, ಹೊಟ್ಟೆಯಲ್ಲಿ ಹಸಿವು. ಜನ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಲು ತೊಡಗಿದರೆ ಭಾಷಣ ಮುಗಿಸಬೇಕು. ಅದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ದಿನ ನೂಲು ಸುತ್ತುವ ವಿಭಾಗದ ಹುಡುಗಿಯೊಬ್ಬಳು ತಾಳ್ಮೆಗೆಟ್ಟು ಹಿಂದಿನಿಂದ ಅವನ ಅಂಗಿಯ ಚುಂಗು ಹಿಡಿದು ಎಳೆದಳು. ಅಂಗಿ ಕಂಕುಳ ತನಕ ಪರ್‍ರನೆ ಹರಿಯಿತು! ಅವನ ಇಡೀ ಹೋರಾಟದ ಬದುಕಿನಲ್ಲಿ ಅಷ್ಟು ಜೋರಾದ ಚಪ್ಪಾಳೆ ಮತ್ತೆ ಬೀಳಲಿಲ್ಲ. ಹರಿದವಳೇ ಹೊಲಿದು ತಂದುಕೊಟ್ಟಳು. ಮದುವೆಗೆ ಅದಕ್ಕಿಂತ ದೊಡ್ಡ ಕಾರಣ ಬೇಕಾಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಭೆಯಲ್ಲೂ ಅವಳು ಅವನ ಬೆನ್ನ ಹಿಂದೆ, ಎಳೆದರೆ ನಿಲ್ಲಿಸಬೇಕು.

"ಬಾರೇ, ಹಿಂದೆ ಕೂತ್ಕೋ. ಓದ್ತೀನಿ, ಸಾಕು ಅನ್ನಿಸಿದಾಗ ಎಳಿ."

ಓದತೊಡಗಿದ. ಎಳೆದಳು. ಆ ಭಾಗ ಅಳಿಸಿ ಮುಂದಿನದನ್ನು ಓದಿದ. ಮತ್ತೆ ಎಳೆದಳು.

"ಗಿರಣಿಯ ಹುಟ್ಟೂ ಬೇಡವೇನೇ?"

"ಬೇಡ."

"ನಾನು ಜೈಲಿಗೆ ಹೋಗಿದ್ದು?"

"ನಿಮ್ಮನ್ನ ಸಂಜೆಗೇ ಬಿಟ್ಟುಬಿಟ್ರಲ್ರೀ. ನಿಮ್ಮ ಮಾತು ಕೇಳಲಾರದೆ."

ಮಧ್ಯಾಹ್ನವಿಡೀ ಎಳೆದಾಟ ನಡೆದು ಕೊನೆಗೆ ಉಳಿದದ್ದು, ಮುಷ್ಕರದ ಹಿಂದಿನ ದಿನ ಅವನು ಕೂಗಿ ಹೇಳಿದ್ದ ಮಾತುಗಳಷ್ಟೇ: "ಸಂಗಾತಿಗಳೇ! ನಾಳೆ ಮೊದಲ ಪಾಳಿಯ ಹೊತ್ತಿಗೆ ಎಲ್ಲರೂ ಗೇಟಿಗೆ ಬನ್ನಿ. ಊಟದ ಡಬ್ಬಿ ತನ್ನಿ. ಒಬ್ಬರನ್ನೂ ಒಳಗೆ ಬಿಡಬೇಡಿ!"

"ಇಷ್ಟೇನಾ?"

"ಜನಕ್ಕೆ ನೆನಪಿರೋದು ಇಷ್ಟೇ."

ಏರಿಸಿದ. ಇದು ಹಳೆಯ ಕಾಲದ ಮಾತು ಎಂದು ತಿಳಿಸುವ ಸಾಲೂ ಎಳೆದಾಟದಲ್ಲಿ ಹೋಗಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಬಾಯ್ಲರ್‌ನವನ ಫೋನು. "ಎಲ್ಲಿ ಸತ್ತಿದೀಯೋ ನಾಯಕ? ನಾವೆಲ್ಲ ಗೇಟಿಗೆ ಬಂದಾಯ್ತು!"

ಆಗ ಸೈರನ್ ಅಣ್ಣನಿಗೆ ಆದ ತಪ್ಪು ಹೊಳೆಯಿತು. ಆದರೂ ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು, ಪ್ಯಾಂಟಿನೊಳಗೆ ಸಿಕ್ಕಿಸಿ, ಬೆಲ್ಟು ಬಿಗಿದು ಹೆಂಡತಿಯೊಂದಿಗೆ ಓಡಿದ.

ಗಿರಣಿ ಇದ್ದಲ್ಲಿ ಈಗ ಪೀಠೋಪಕರಣದ ಅಂಗಡಿ. ಉಳಿದಿರುವುದು ಹಳೆಯ ಗೇಟಿನ ಕಂಬ ಎರಡೇ. ಅವುಗಳ ನಡುವೆ ಕ್ಯಾಂಟೀನ್ ಅಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಊರುಗೋಲು ಅಡ್ಡ ಹಿಡಿದ ಬಾಯ್ಲರ್‌ನವನು. ಹಿಂದೆ ನರೆತ ತಲೆಗಳ ಸಾಲು, ಕೈಕೈಯಲ್ಲೂ ಡಬ್ಬಿ! ಎದುರಿಗೆ ಅಂಗಡಿಗೆಂದು ಬಂದು ಕಂಗಾಲಾದ ಯಾರೋ ಗಂಡಹೆಂಡತಿ.

"ನಾವು ಮಂಚ ನೋಡೋಕೆ ಬಂದವರು..."

"ಇವತ್ತು ಒಂದಿನ ನೆಲದ ಮೇಲೆ ಮಲಗಿ!" ಗುಡುಗಿದಳು ಕ್ಯಾಂಟೀನ್ ಅಕ್ಕ.

ಅಂಗಡಿಯ ಮ್ಯಾನೇಜರು ಕೈ ಮುಗಿದ. "ನಿಮ್ಮ ಬೇಡಿಕೆ ಏನು ಅಂತಾದರೂ ಹೇಳ್ರಪ್ಪಾ!"

"ನಾಯಕ ಹೇಳ್ತಾನೆ," ಎಂದು ಎಲ್ಲರೂ ಸೈರನ್ ಅಣ್ಣನತ್ತ ತಿರುಗಿದರು.

ತಪ್ಪಾಯಿತು, ಮನೆಗೆ ಹೋಗಿ ಎನ್ನಬೇಕಿತ್ತು. ಆದರೆ ಬಂದಿದ್ದಾರಲ್ಲ! ಓದಿ, ನಂಬಿ, ಮೊಣಕಾಲು ನೋವು ಹೊತ್ತು ಬಂದಿದ್ದಾರಲ್ಲ! ಅಂಗಡಿಯ ಸ್ಟೂಲೊಂದನ್ನು ಎಳೆದು ಹತ್ತಿದ. "ಸಂಗಾತಿಗಳೇ!"

ಗಿರಣಿಯ ಹುಟ್ಟಿನಿಂದಲೇ ಶುರು ಮಾಡಿದ. ಮ್ಯಾನೇಜರು ಪಾಪ, ಸೋಫಾಗಳನ್ನು ಹೊರಗೆ ತರಿಸಿ ಹಾಕಿಸಿದ. ಮಂಚದ ದಂಪತಿಯೂ ಕೂತರು. ಹಿಂದಿನಿಂದ ಎಳೆತ ಬರಲೇ ಇಲ್ಲ. ಇವತ್ತು ನನ್ನ ಮಾತು ಕೇಳುವ ಹಾಗಿದೆ ಎಂದು ಉಬ್ಬಿ ಜೈಲಿನ ತನಕ ಬಂದ. ಆಗ ಸೋಫಾಗಳ ಕಡೆಯಿಂದ ಗೊರಕೆ ಕೇಳಿಸಿತು. ತಿರುಗಿ ನೋಡಿದರೆ ಹೆಂಡತಿ ಡಬ್ಬಿಗಳ ನಡುವೆ ಕೂತು ಊಟ ಮಾಡುತ್ತಿದ್ದಾಳೆ.

"ಯಾಕೇ ಎಳೀಲಿಲ್ಲ?"

"ಬೆಲ್ಟು ಕಟ್ಟಿಕೊಂಡು ನಿಂತಿದ್ದೀರಿ. ಏನನ್ನ ಎಳೀಲಿ? ಪ್ಯಾಂಟನ್ನಾ?"

ನಿದ್ದೆಯಲ್ಲಿದ್ದವರೂ ಎದ್ದು ನಕ್ಕರು. ಆಮೇಲೆ ಡಬ್ಬಿ ಹಂಚಿಕೊಂಡು, ಈಗ ಬದುಕಿಲ್ಲದವರನ್ನು ನೆನೆದು, ಅಂದಿನ ಮೇಸ್ತ್ರಿಯನ್ನು ಹೊಸದಾಗಿ ಬೈದು, ಬಿಸಿಲು ಇಳಿಯುವ ತನಕ ಕೂತರು. ಬೇಡಿಕೆ ಏನೆಂದು ಮತ್ತೆ ಯಾರೂ ಕೇಳಲಿಲ್ಲ.

ಮನೆಗೆ ಬಂದವನೇ ಸೈರನ್ ಅಣ್ಣ ಮೀಸೆ ತಿರುವಿದ. "ನೋಡಿದ್ಯಾ, ಎಲ್ಲರೂ ಓದ್ತಾರೆ! ಇನ್ನು ಬೀಗದ ಮಾತೇ ಇಲ್ಲ!" ಕೂತು ಆ ದಿನದ ಕಥೆಯನ್ನೆಲ್ಲ, ಸೋಫಾದ ಬಣ್ಣವನ್ನೂ ಬಿಡದೆ, ಹಿಂದೆಂದೂ ಬರೆಯದಷ್ಟು ಉದ್ದ ಬರೆದು ಏರಿಸಿದ.

ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಪ್ರತಿಕ್ರಿಯೆ ಬಂತು. ಮೊದಲನೆಯದು ಪಕ್ಕದ ಕೋಣೆಯಿಂದ: "ಎಳೆದೆ."

ಬಾಯ್ಲರ್‌ನವನದು: "ನಾನೂ ಎಳೆದೆ."

ಕ್ಯಾಂಟೀನ್ ಅಕ್ಕನದು: "ಹರಿಯೋ ಹಾಗೇ ಎಳೆದೆ. ಹೊಲಿಯೋದು ಅವಳ ಕೆಲಸ."