ಮೂವರ ತಂಡಕ್ಕೆ ಒಂದು ಟ್ರ್ಯಾಕರ್

ಕೆಲಸ ಮಾಡುವುದಕ್ಕಿಂತ, ಕೆಲಸವನ್ನು ಶಿಸ್ತಾಗಿ ಮಾಡುವುದು ಹೇಗೆಂದು ಬೇರೆಯವರಿಗೆ ಹೇಳುವುದರಲ್ಲಿ ನನಗೆ ಮೊದಲಿನಿಂದಲೂ ಹೆಚ್ಚು ಉತ್ಸಾಹ. ಅರಸೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದರಿಂದ ಈ ಕಾಯಿಲೆಗೆ ಸಂಬಳವೂ ಸಿಗುತ್ತಿತ್ತು. ಮನೆಮನೆಗೆ ಇಂಟರ್‌ನೆಟ್ ಇನ್ನೂ ಬಾರದಿದ್ದ ಕಾಲ. ಬೇಲೂರು, ಹಳೇಬೀಡಿನ ಗುಡಿಗಳ ಬಗ್ಗೆ ಕನ್ನಡದಲ್ಲೊಂದು ವೆಬ್‌ಸೈಟ್ ಮಾಡೋಣವೆಂದು ಮೂವರು ಸೇರಿದ್ದೆವು. ಫೋಟೋ ತೆಗೆಯಲು ಬೇಲೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ರಂಗಸ್ವಾಮಿ, ಬರೆಯಲು ಹಳೇಬೀಡಿನ ಹೈಸ್ಕೂಲ್ ಟೀಚರ್ ಶಾರದಮ್ಮ, ಉಳಿದದ್ದಕ್ಕೆಲ್ಲ ನಾನು. ಸೈಟಿನಲ್ಲಿ ತಪ್ಪು ಕಂಡರೆ ಇಬ್ಬರೂ ನನಗೆ ಫೋನ್ ಮಾಡುತ್ತಿದ್ದರು. ಊಟಕ್ಕೆ ಕೂತರೆ ಕಂಬದ ಹೆಸರು ತಪ್ಪು, ಕೈತೊಳೆಯಲು ಎದ್ದರೆ ಆನೆಯ ಚಿತ್ರ ತಲೆಕೆಳಗು. ರೋಸಿಹೋಗಿ, ಪುಕ್ಕಟೆ ಸಿಗುತ್ತಿದ್ದ ಇಶ್ಯೂ ಟ್ರ್ಯಾಕರ್ ಎಂಬ ಸಾಫ್ಟ್‌ವೇರ್ ಹಾಕಿದೆ. ತಪ್ಪು ಕಂಡವರು ಅದರಲ್ಲಿ ಬರೆಯಬೇಕು, ಸರಿಮಾಡಬೇಕಾದವರ ಹೆಸರಿಗೆ ಹಚ್ಚಬೇಕು, ಸರಿಹೋದ ಮೇಲೆ ಮುಚ್ಚಬೇಕು. ಇಷ್ಟೇ.

ಇಷ್ಟೇ ಎಂದುಕೊಂಡವನು ನಾನೊಬ್ಬನೇ. ಮೊದಲ ದಿನವೇ ಶಾರದಮ್ಮ ಫೋನ್ ಮಾಡಿದರು. "ಅಲ್ರೀ ಮೇಷ್ಟ್ರೇ, ನಾನು ಬರೆದಿದ್ದಕ್ಕೆ ಕೆಂಪಕ್ಷರದಲ್ಲಿ 'ದೋಷ' ಅಂತ ಬರ್ತಿದೆಯಲ್ಲ! ನಾನು ಮಕ್ಕಳಿಗೇ ಹಾಗೆ ಹಾಕೋಲ್ಲ."

'ದೋಷ'ವನ್ನು 'ವಿಷಯ' ಮಾಡಿದೆ, ಕೆಂಪನ್ನು ಹಸಿರು ಮಾಡಿದೆ. ಹಸಿರು ಕಂಡದ್ದೇ ರಂಗಸ್ವಾಮಿ ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು. "ಹಸ್ರು ಐತಲ್ಲ ಸಾರ್, ಎಲ್ಲ ಮುಗೀತು ಅಂದ್ಕಂಡೆ" ಎಂದರು. ಹಸಿರನ್ನು ಹಳದಿ ಮಾಡಿದೆ. ಮುಂದಿನ ತೊಡಕು ಕೆಲಸ ಹಚ್ಚುವುದರಲ್ಲಿ. "ಟೀಚರಮ್ಮಂಗೆ ನಾನು ಕೆಲ್ಸ ಹೇಳಕ್ಕಾಯ್ತದಾ ಸಾರ್? ದೊಡ್ಡೋರು" ಎಂದು ರಂಗಸ್ವಾಮಿ ಎಲ್ಲವನ್ನೂ ನನ್ನ ಹೆಸರಿಗೆ ಹಚ್ಚಿದರು. "ಪಾಪ, ರಂಗಸ್ವಾಮಿಗೆ ಮದುವೆ ಸೀಸನ್ನು" ಎಂದು ಶಾರದಮ್ಮನೂ ನನಗೇ ಹಚ್ಚಿದರು. ನಾನು ಅವನ್ನು ಅವರವರಿಗೆ ವಾಪಸ್ ಹಚ್ಚಿದೆ. ಒಂದೊಂದು ಸಲ ಹಚ್ಚಿದಾಗಲೂ ಮೂವರಿಗೂ ಮೇಲ್ ಹೋಗುವಂತೆ ಬಹಳ ಜಾಣತನದಿಂದ ಏರ್ಪಾಡು ಮಾಡಿದ್ದೆನಾದ್ದರಿಂದ, ಮೇಲ್ ಬಂತೆಂದು ತಿಳಿಸಲು ಇಬ್ಬರೂ ಮತ್ತೆ ಫೋನ್ ಮಾಡತೊಡಗಿದರು.

ಶಾರದಮ್ಮನ ಶಾಲೆಯಲ್ಲಿ ಸೈಟಿನ ಉದ್ಘಾಟನೆಗೆ ದಿನ ಗೊತ್ತಾಗಿ, ಕರೆಯೋಲೆಯೂ ಹಂಚಿಯಾಗಿತ್ತು. ಒಂದು ದಿನ ನಿಧಾನವಾಗಿ ಕೂತು ಸೈಟನ್ನು ನೋಡಿದೆ. ಅಷ್ಟು ದಿನವೂ ನಾನು ಸರಿಮಾಡಿದ್ದು ಟ್ರ್ಯಾಕರನ್ನು; ಸೈಟಿನಲ್ಲಿ ಆನೆ ಇನ್ನೂ ತಲೆಕೆಳಗೇ ಇತ್ತು. ಊರವರ ಮುಂದೆ ಶಾರದಮ್ಮನ ಮಾನ ಕಳೆಯುವವನು ನಾನೇ ಎಂದುಕೊಂಡು, ಭಾನುವಾರ ಸಪ್ಪೆ ಮೋರೆ ಹೊತ್ತು ಹಳೇಬೀಡಿನ ಬಸ್ಸು ಹತ್ತಿದೆ.

ಶಾಲೆಯ ಕಂಪ್ಯೂಟರಿನ ಮುಂದೆ ಅವರಿಬ್ಬರೂ ಆಗಲೇ ಕೂತಿದ್ದರು.

"ರಂಗಸ್ವಾಮಿ, ಈ ಫೋಟೋ ಬೇಲೂರಿಂದಲ್ಲ ಕಣಪ್ಪ, ನಮ್ಮೂರಿಂದು."

"ಹೌದಾ ಟೀಚರ್? ತೆಗೀರಿ ಅತ್ಲಾಗೆ, ಬೇರೆ ಕೊಡ್ತೀನಿ."

ಸಂಜೆಯೊಳಗೆ ಕೆಲಸವೆಲ್ಲ ಮುಗಿಯಿತು. ಯಾರೂ ಯಾರಿಗೂ ಏನನ್ನೂ ಹಚ್ಚಲಿಲ್ಲ. ನನ್ನ ಪಾಲಿಗೆ ಬಂದದ್ದು ಕಾಫಿ ತರುವ ಕೆಲಸ. ಉದ್ಘಾಟನೆ ಚೆನ್ನಾಗಿಯೇ ನಡೆಯಿತು.

ಟ್ರ್ಯಾಕರನ್ನು ಅಳಿಸಿಬಿಡುತ್ತೇನೆಂದು ಮನೆಯಿಂದ ಫೋನ್ ಮಾಡಿದಾಗ ಶಾರದಮ್ಮ, "ಇರಲಿ ಬಿಡಿ ಮೇಷ್ಟ್ರೇ, ಈಗ ಉಪಯೋಗ ಗೊತ್ತಾಗ್ತಿದೆ" ಎಂದರು. ಕಣ್ಣು ತುಂಬಿ ಬಂತು. ಓಡಿಹೋಗಿ ತೆರೆದೆ. ಹೊಸದಾಗಿ ಎರಡು ವಿಷಯಗಳಿದ್ದವು. 'ಮೇಷ್ಟ್ರು ಒಂದು ಕೇಳಿದರೆ ಹತ್ತು ಹೇಳುತ್ತಾರೆ' ಎಂದು ಶಾರದಮ್ಮ. 'ಮೇಷ್ಟ್ರು ಹೇಳಿದ್ದು ಯಾರಿಗೂ ಅರ್ಥ ಆಗಲ್ಲ' ಎಂದು ರಂಗಸ್ವಾಮಿ. ಒಂದೇ ವಾಕ್ಯ, ಸ್ಪಷ್ಟ ವಿವರ, ಸರಿಯಾದ ವ್ಯಕ್ತಿಗೇ ಹಚ್ಚಿದ್ದರು. ನಾನು ಹೇಳಿಕೊಟ್ಟದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. 'ಸರಿಮಾಡಲು ಬೇಕಾಗುವ ಕಾಲ' ಎಂಬ ಖಾನೆಯಲ್ಲಿ ಏನು ತುಂಬುವುದೆಂದು ತೋಚದೆ ಹೆಂಡತಿಯನ್ನು ಕೇಳಿದೆ.

ಅವಳು ಎರಡನ್ನೂ ಓದಿ, "ಅದನ್ನ ಖಾಲಿ ಬಿಡಿ" ಎಂದಳು.