ಹದಿನಾಲ್ಕನೇ ಮೊಳೆಗೆ ನೇತುಬಿದ್ದಿರುವ ಅಂಗಿಯ ತುದಿಯ ಬಗ್ಗೆ

ಇಂದ:
ವರ್ನ್ ಕೊಸ್ಟೆಲ್ನಿಕ್, ಸದಸ್ಯ (ಈ ವರ್ಷ ಪಾತ್ರೆ ತೊಳೆಯುವ ಸರದಿಯವನು),
ಹೆಮ್ಲಾಕ್ ಹಳ್ಳದ ಜಿಂಕೆ ಬೇಟೆ ಕ್ಯಾಂಪು, ಉತ್ತರ ಪೆನ್ಸಿಲ್ವೇನಿಯಾ.

ಗೆ:
ಶ್ರೀ ಕ್ಲೈಡ್ ಶೇಫರ್, ಅಧ್ಯಕ್ಷರು, ಸದರಿ ಕ್ಯಾಂಪು
(ಅರ್ಜಿದಾರನ ತಾಯಿಯ ಸ್ವಂತ ಅಣ್ಣ).

ವಿಷಯ: ದಿವಂಗತ ಆಂಡ್ರ್ಯೂ ಕೊಸ್ಟೆಲ್ನಿಕ್ ಅವರ ಉಣ್ಣೆ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ ಗೋಡೆಗೆ ಹೊಡೆದಿರುವ ಬಗ್ಗೆ.

ಉಲ್ಲೇಖ:
1. ಕ್ಯಾಂಪಿನ ನಿಯಮ 7: ‘ಗುರಿ ತಪ್ಪಿದವನ ಅಂಗಿಯ ತುದಿಯನ್ನು ಕತ್ತರಿಸಿ, ಒಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆದು, ಕೆಳಗೆ ಹೆಸರು ಬರೆಯತಕ್ಕದ್ದು.’
2. ಬೇಟೆ ಶುರುವಾದ ಶನಿವಾರ, ತಾವು ಬಾಯಲ್ಲಿ ಪ್ಯಾನ್‌ಕೇಕ್ ಇಟ್ಟುಕೊಂಡೇ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಕೋವಿಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೊಳ್ಳುವ ವಿಚಾರವನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟದ್ದೇ ಅರ್ಜಿದಾರನ ಮೊದಲ ತಪ್ಪೆಂದು ಒಪ್ಪಿಕೊಳ್ಳುತ್ತಾ, ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ನನ್ನ ತಂದೆ ಸ್ಕೋಪಿಲ್ಲದ ಕೋವಿಯಲ್ಲೇ ಮೂವತ್ತೆಂಟು ವರ್ಷ ಬೇಟೆಯಾಡಿದರು. ಅವರ ಅಂಗಿಯ ತುದಿ ಒಮ್ಮೆಯೂ ಗೋಡೆ ಕಾಣಲಿಲ್ಲ. ದೇವರು ಕೊಟ್ಟ ಕಣ್ಣು ಸಾಲದವರಿಗೆ ಅಂಗಡಿಯ ಕಣ್ಣು ಎಂದು ಅವರು ಸ್ಕೋಪಿನವರನ್ನು ಛೇಡಿಸುತ್ತಿದ್ದರು. ಹೆಚ್ಚು ಛೇಡಿಸಿಕೊಂಡವರು ತಾವೇ. ಕಳೆದ ಮಾರ್ಚ್‌ನಲ್ಲಿ ಅವರು ತೀರಿಕೊಂಡ ಮೇಲೆ ಆ ಕೆಂಪು-ಕಪ್ಪು ಚೌಕಳಿ ಅಂಗಿ ನನ್ನ ಪಾಲಿಗೆ ಬಂತು, ಕಣ್ಣು ಬರಲಿಲ್ಲ. ಕಾರಣ, ಸ್ಕೋಪ್ ಅನಿವಾರ್ಯವಾಯಿತು.

2. ಅಗ್ಗದ್ದು ಕೊಂಡರೆ ಮೊದಲ ಮಂಜಿಗೇ ಒಳಗೆ ಆವಿ ಕಟ್ಟುತ್ತದೆಂದು ನಮ್ಮ ಅಡುಗೆಯ ಬಡ್ ಯೋಡರ್ ಎಚ್ಚರಿಸಿದರು. ಅವರದು ಅಗ್ಗದ್ದೇ, ಹನ್ನೊಂದು ವರ್ಷದಿಂದ ಒರೆಸುತ್ತಲೇ ಇದ್ದಾರೆ. ದುಬಾರಿಯದನ್ನು ಕೊಂಡವರು ಅದನ್ನು ಹಿಮಕ್ಕೆ ಒಡ್ಡಲು ಮನಸ್ಸು ಬಾರದೆ ಕ್ಯಾಂಪಿನಲ್ಲೇ ಇಸ್ಪೀಟಾಡುತ್ತಾರೆ. ಆದ್ದರಿಂದ ಮಧ್ಯಮ ಬೆಲೆಯದೇ ಸರಿ ಎಂದು ತಾವು ತೀರ್ಪಿತ್ತಿರಿ. ಮಧ್ಯಮ ಎಂದರೆ ಎಷ್ಟು ಎಂದು ಕೇಳಿದೆ. “ನಿನ್ನ ಹೆಂಡ್ತಿ ಒಂದೇ ಒಂದು ದಿನ ಮಾತು ಬಿಡೋವಷ್ಟು” ಎಂದಿರಿ. ಮುನ್ನೂರು ಡಾಲರಿಗೆ ಎರಡು ದಿನ ಬಿಟ್ಟಳು.

3. ಅಂಗಡಿಯಾಕೆ ಗಾಜಿನ ಮೇಜಿನ ಮೇಲೆ ಆರು ಸ್ಕೋಪುಗಳನ್ನು ಸಾಲಾಗಿ ಇಟ್ಟಳು. ಗೋಡೆಯ ಮೇಲಿದ್ದ ಜಿಂಕೆ ತಲೆಯ ಗಾಜಿನ ಕಣ್ಣು ಆರರಲ್ಲೂ ಒಂದೇ ಥರ ಕಂಡಿತು. ಹಾಗೆಂದು ಗಂಡಸಾದವನು ಹೇಳುವುದು ಹೇಗೆ? ಏಳು ವಾರ ಹೋಗಿ ಬಂದು, ಮೂರನೆಯದರಲ್ಲಿ ಅಂಚು ಸ್ವಲ್ಪ ಚುರುಕೆಂದು ಗಂಭೀರವಾಗಿ ಘೋಷಿಸಿ, ಅದನ್ನೇ ತಂದೆ. ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ದೊಡ್ಡದು ಮಾಡಿ ತೋರಿಸುವ ಸ್ಕೋಪ್ ಅದು.

4. ಅದನ್ನು ಕೋವಿಗೆ ಕೂರಿಸಿದವರು ತಾವು. ಕಣ್ಣಿಗೂ ಗಾಜಿಗೂ ನಾಲ್ಕು ಬೆರಳು ಅಂತರ ಬೇಕೆಂದು ಡಬ್ಬಿಯೊಳಗಿನ ಚೀಟಿ ಹೇಳುತ್ತಿತ್ತು. ತಾವು ಆ ಚೀಟಿಯಿಂದ ಒಲೆ ಹೊತ್ತಿಸಿ ಎರಡು ಬೆರಳಿಗೆ ಬಿಗಿದಿರಿ. ಗುರಿ ಹೊಂದಿಸುವ ಗುಂಡುಗಳನ್ನೂ ತಾವೇ ಹಾರಿಸಿದಿರಿ. ಹೊಟ್ಟೆ ಅಡ್ಡ ಬಂದು ತಲೆ ತಾನಾಗಿ ಹಿಂದುಳಿದ ಕಾರಣ ತಮಗೇನೂ ಆಗಲಿಲ್ಲ.

5. ಶನಿವಾರ ಬೆಳಿಗ್ಗೆ ಎಂಟು ಕವಲಿನ ಕೊಂಬಿನ ಜಿಂಕೆ ನಲವತ್ತು ಹೆಜ್ಜೆ ದೂರದಲ್ಲಿ ಬಂದು ನಿಂತಿತು. ಸ್ಕೋಪನ್ನು ಒಂಬತ್ತಕ್ಕೆ ತಿರುಗಿಸಿದ್ದು ಹಾಗೇ ಇತ್ತು. ಒಳಗೆ ನೋಡಿದರೆ ಬರೀ ಕಂದು ಕೂದಲು; ಅದು ಜಿಂಕೆಯ ಯಾವ ಭಾಗವೆಂದು ಅರ್ಜಿದಾರನಿಗೆ ಇಂದಿಗೂ ತಿಳಿದಿಲ್ಲ. ಗುಂಡು ಹಾರಿತು, ಕೋವಿ ಒದೆಯಿತು, ಸ್ಕೋಪಿನ ಅಂಚು ಹುಬ್ಬನ್ನು ಸೀಳಿತು. ಜಿಂಕೆ ಓಡಲೂ ಇಲ್ಲ, ನಡೆದುಕೊಂಡೇ ಹೋಯಿತು. ಕ್ಯಾಂಪಿಗೆ ಬಂದು ರಕ್ತ ಒರೆಸಿಕೊಳ್ಳುತ್ತಿದ್ದಾಗಲೇ ತಾವು ಕತ್ತರಿ ಹಿಡಿದು ಬಂದಿರಿ. ಬೇರೆ ಅಂಗಿ ಕೊಡುತ್ತೇನೆ, ಇದು ಅಪ್ಪನದು ಎಂದು ಅಂಗಲಾಚಿದೆ. “ನಿಯಮ ಅಂದ್ರೆ ನಿಯಮ ಕಣೋ. ಮೈಮೇಲೆ ಯಾವ್ದಿದೆಯೋ ಅದೇ” ಎಂದು ಕತ್ತರಿಸಿ, ಹದಿನಾಲ್ಕನೇ ಮೊಳೆಗೆ ಹಾಕಿದಿರಿ. ನನಗೆ ಅಳು ಬಂತು. ಹುಬ್ಬಿನ ನೋವೆಂದು ಹೇಳಿದೆ. ಅಪ್ಪ ಮೂವತ್ತೆಂಟು ವರ್ಷ ಕಾಪಾಡಿದ್ದನ್ನು ನಾನು ಒಂದೇ ಬೆಳಿಗ್ಗೆಯಲ್ಲಿ ಕಳೆದಿದ್ದೆ.

6. ಆದ್ದರಿಂದ ತುದಿಯನ್ನು ಹಿಂದಿರುಗಿಸಬೇಕೆಂದು ಕೋರಿ ಅರ್ಜಿ ಬರೆದೆ. (ಮೇಲಿನ ಐದು ಅಂಶಗಳು ಆಗಿನವು, ಹೊಟ್ಟೆಯ ಪ್ರಸ್ತಾಪಕ್ಕೆ ಕ್ಷಮೆಯಿರಲಿ.) ಅದನ್ನು ಕಳಿಸುವ ಮುನ್ನ ಅಂಗಿಯನ್ನು ರಿಪೇರಿಗೆಂದು ಅಮ್ಮನ ಹತ್ತಿರ ಒಯ್ದೆ. ಅವಳು ಕತ್ತರಿಸಿದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ನಗತೊಡಗಿದಳು.

“ನಿಮ್ಮ ಮಾವ ಕತ್ತರಿಸಿರೋದು ನನ್ನ ಹಳೇ ಸ್ಕರ್ಟನ್ನ ಕಣೋ. ನಿಮ್ಮಪ್ಪನ ತುದಿ ಹೋಗಿ ಇಪ್ಪತ್ತು ವರ್ಷ ಆಯ್ತು.”

ಆ ವರ್ಷ ಬೇಟೆಯ ಕೊನೆಯ ಸಂಜೆ ಅಪ್ಪ ಕಾಡಿನಲ್ಲಿ ಒಬ್ಬರೇ ಇದ್ದಾಗ ಗುರಿ ತಪ್ಪಿತಂತೆ. ಕಂಡವರು ಯಾರೂ ಇಲ್ಲ. ಆದರೂ ನಿಯಮ ನಿಯಮವೇ ಎಂದು ಅಪ್ಪ ಸ್ವತಃ ಚಾಕುವಿನಿಂದ ತುದಿ ಕತ್ತರಿಸಿಕೊಂಡು, ಕ್ಯಾಂಪಿಗೆ ಬಾರದೆ ನೇರ ಮನೆಗೆ ಬಂದರಂತೆ. ಅಮ್ಮ ಅಂಥದೇ ಚೌಕಳಿಯ ತನ್ನ ಸ್ಕರ್ಟ್ ಕತ್ತರಿಸಿ ತೇಪೆ ಹಾಕಿದಳು.

ಗುಂಡಿ ಹಾಕಿಡುವ ಡಬ್ಬಿಯಿಂದ ಅವಳು ಅಸಲಿ ತುದಿಯನ್ನು ತೆಗೆದುಕೊಟ್ಟಳು. ಅದಕ್ಕೆ ಪಿನ್ನಿನಿಂದ ಎರಡು ಕಾಗದ ಸಿಕ್ಕಿಸಲಾಗಿತ್ತು. ಒಂದು ಅಪ್ಪನ ಕೈಬರಹ: ‘ಎಂಟು ಕವಲು. ನಲವತ್ತು ಹೆಜ್ಜೆ. ಕಾಣಲಿಲ್ಲ.’ ಇನ್ನೊಂದು ಬೇಟೆ ಸಾಮಾನಿನ ಪಟ್ಟಿಯಿಂದ ಹರಿದ ಹಾಳೆ: ಮೂರು ಸ್ಕೋಪಿನ ಚಿತ್ರ, ನಡುವಿನ ಬೆಲೆಯದರ ಸುತ್ತ ಪೆನ್ಸಿಲ್ಲಿನ ಗೆರೆ.

“ತಗೊಳ್ಳಿ ಅಂತ ವರ್ಷ ವರ್ಷ ಹೇಳ್ದೆ” ಎಂದಳು ಅಮ್ಮ. “ಅಷ್ಟು ದಿನ ಕ್ಲೈಡಣ್ಣನ್ನ ಆಡ್ಕೊಂಡು, ಈಗ ಯಾವ ಮುಖ ಇಟ್ಕೊಂಡು ಹಾಕ್ಲಿ ಅನ್ನೋರು.”

ಆಮೇಲೆ ಅವರು ಜಿಂಕೆ ತೀರಾ ಹತ್ತಿರ ಬಂದರಷ್ಟೇ ಹೊಡೆಯುತ್ತಿದ್ದರಂತೆ. ಉಳಿದ ದಿನ ಕ್ಯಾಂಪಿಗೆ ಬಂದು ‘ಇವತ್ತೇನೂ ಕಾಣಲಿಲ್ಲ’ ಎನ್ನುತ್ತಿದ್ದುದು ತಮಗೂ ನೆನಪಿರಬಹುದು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಆದ ಕಾರಣ, ನನ್ನ ಮೊದಲ ಬೇಡಿಕೆಯನ್ನು ಹಿಂಪಡೆಯುತ್ತಾ, ಲಗತ್ತಿಸಿರುವ ಅಸಲಿ ತುದಿಯನ್ನು ಹದಿನಾಲ್ಕನೇ ಮೊಳೆಗೆ ಹಾಕಿ, ಅದರ ಕೆಳಗೆ ತಂದೆಯ ಹೆಸರನ್ನೂ ನನ್ನ ಹೆಸರನ್ನೂ ಒಟ್ಟಿಗೆ ಬರೆಯಬೇಕೆಂದು ಕೋರುತ್ತೇನೆ. ಆ ಸಂದರ್ಭದಲ್ಲಿ ತಾವು ಮನಸಾರೆ ನಗಬಹುದು. ಅಪ್ಪ ಇದ್ದಿದ್ದರೆ ತಾವು ಬಿಡುತ್ತಿರಲಿಲ್ಲ, ಈಗಲೂ ಬಿಡಬಾರದು. ಬಳಿಕ ಸ್ಕೋಪನ್ನು ನಾಲ್ಕು ಬೆರಳಿಗೆ ಸರಿಸಿಕೊಡಬೇಕು.

ತಮ್ಮ ವಿಶ್ವಾಸಿಯೂ ತಂಗಿಯ ಮಗನೂ ಆದ,
ವರ್ನ್ ಕೊಸ್ಟೆಲ್ನಿಕ್

ಲಗತ್ತುಗಳು:
1. ಅಂಗಿಯ ತುದಿ, ಅಸಲಿ, ಒಂದು.
2. ಸ್ಕೋಪಿನ ಚಿತ್ರವಿರುವ ಹಾಳೆ (ನೋಡಿ ಹಿಂದಿರುಗಿಸುವುದು, ಒಲೆಗೆ ಹಾಕಬಾರದು).
3. ಹುಬ್ಬಿನ ಐದು ಹೊಲಿಗೆಗಳ ಫೋಟೊ.

ವಿಶೇಷ ಸೂಚನೆ: ಈಗ ಗೋಡೆಯಲ್ಲಿರುವ ಸ್ಕರ್ಟಿನ ತುಂಡನ್ನು ಅಮ್ಮ ವಾಪಸ್ ಕೇಳಿದ್ದಾಳೆ. ಅದನ್ನು ಮತ್ತೆ ಅಂಗಿಗೆ ಹೊಲಿಯುತ್ತಾಳಂತೆ. ಮುಂದಿನ ವರ್ಷ ತಮಗೆ ಕತ್ತರಿಸಲು ಏನಾದರೂ ಇರಬೇಕಲ್ಲ, ಆದ್ದರಿಂದ ದಯವಿಟ್ಟು ಬೇಗ ಕಳಿಸಿಕೊಡುವುದು.